ಕಾರಿನ ಹಿಂದೊಂದು ಹುಕ್ಕು
ದಿನಚರಿಯ ಪುಟಗಳು

2025 ಜನವರಿ 20, ಸೋಮವಾರ
ಹೊಸಹಳ್ಳಿ, ಕೂಡ್ಲಿಗಿ ತಾಲ್ಲೂಕು

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಶೆಡ್ಡಿನ ಮುಂದೆ ಟ್ರೇಲರ್‌ಗಳದೇ ಸಾಲು. ಮೈಲಾರದ ಜಾತ್ರೆಗೆ ಹೊರಡುವ ಮುಂಚೆ ತಳದ ತಗಡು ಹೊಸದು ಹಾಕಿಸುವವರು, ಹಿಂಬಾಗಿಲಿನ ಕೊಂಡಿ ಬೆಸೆಸುವವರು, ಕುಸಿದ ಪಾಟಾ ಬಿಚ್ಚಿಸಿ ಹೊಸ ಎಲೆ ಸೇರಿಸುವವರು. ಬೆಳಿಗ್ಗೆ ಹಚ್ಚಿದ ವೆಲ್ಡಿಂಗ್ ಮಷಿನ್ನು ಕರೆಂಟು ಹೋದಾಗಷ್ಟೇ ಆರುತ್ತದೆ.

ಇವತ್ತು ಮಧ್ಯಾಹ್ನ ಬಂದ ಕೆಲಸ ಬೇರೆ ತರಹದ್ದು. ಗುಡೇಕೋಟೆ ಕಡೆಯ ಹುಡುಗ, ಶಾಮಿಯಾನ ಮತ್ತು ಲೈಟಿಂಗ್ ಬಾಡಿಗೆ ಕೊಡುವ ವ್ಯಾಪಾರ. ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿದ ಜನರೇಟರ್ ಇಟ್ಟುಕೊಂಡಿದ್ದಾನೆ. ಇಷ್ಟು ದಿನ ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿ ಒಯ್ಯುತ್ತಿದ್ದ. ಈಗ ಸ್ವಂತ ಕಾರು ತಗೊಂಡಿದ್ದಾನೆ, ಎತ್ತರದ ದೊಡ್ಡ ಕಾರು. ಅದರ ಹಿಂದೆ ಹುಕ್ಕು ಹಾಕಿಸಿಕೊಂಡರೆ ಟ್ರ್ಯಾಕ್ಟರ್ ಬಾಡಿಗೆ ಉಳಿಯಿತು ಎಂಬ ಲೆಕ್ಕ. ಇಂಗ್ಲೆಂಡಿನಲ್ಲಿರುವ ತನ್ನ ಭಾವ ಕಳಿಸಿದ ಫೋಟೋ ತೋರಿಸಿದ. ಕಾರಿನ ಬಂಪರ್ ಕೆಳಗೆ ಕಬ್ಬಿಣದ ಗುಂಡು, ಅದಕ್ಕೆ ಕಚ್ಚಿಕೊಂಡ ಪುಟ್ಟ ಟ್ರೇಲರ್.

“ಅಣ್ಣಾ, ನಾಕು ಬೋಲ್ಟಿನ ಕೆಲಸ ಐತೆ. ನೀವು ಟ್ರೇಲರ್‌ಗೇ ಮೂಕಿ ಕೂರಿಸೋರು, ನಿಮಗಿದೇನು? ಜಾತ್ರೆ ಒಳಗೆ ಹಾಕಿಕೊಡ್ರಿ” ಅಂದ.

ಕಾರನ್ನು ಒಂದು ದಿನ ಬಿಟ್ಟು ಹೋಗು, ಕೆಳಗಿಳಿದು ನೋಡಿ ಹೇಳುತ್ತೇನೆ ಅಂದೆ. ಆಗಲಿ ಅಂತಲೂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಹುಡುಗನ ಕಷ್ಟ ನಿಜವಾದದ್ದು. ಜಾತ್ರೆ, ಮದುವೆ ಸೀಜನ್ ಬಿಟ್ಟರೆ ಅವನಿಗೆ ದುಡಿಮೆ ಇಲ್ಲ, ಬಂದದ್ದರಲ್ಲಿ ಟ್ರ್ಯಾಕ್ಟರಿನವನೇ ಒಂದು ಪಾಲು ಒಯ್ಯುತ್ತಾನೆ.

ಆದರೂ ಹುಕ್ಕು ಅಂದರೆ ನಾಲ್ಕು ಬೋಲ್ಟಿನ ಮಾತಲ್ಲ. ಅಪ್ಪ ಕಮ್ಮಾರಿಕೆ ಮಾಡುತ್ತಿದ್ದಾಗ ಎತ್ತಿನ ಗಾಡಿಗೆ ಹಳಿ ಕಟ್ಟಿ ಮುಗಿಸಿದ ಮೇಲೆ ಕಡಾಣಿಯನ್ನು ತಾವೇ ಬಡಿದು ಕೂರಿಸುತ್ತಿದ್ದರು. ಆ ಕೆಲಸ ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಗಾಡಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಕಬ್ಬಿಣ ಅದು, ಅದು ಕಳಚಿದರೆ ಚಕ್ರವೇ ಕಳಚಿತು. ಟ್ರೇಲರಿನ ಪಿನ್ನು ಕೂಡ ಹಾಗೆಯೇ.

2025 ಜನವರಿ 22, ಬುಧವಾರ

ಕಾರನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಟಾರ್ಚ್ ಹಿಡಿದು ಒಳಗೆ ಹೋದೆ.

ಟ್ರ್ಯಾಕ್ಟರಿನ ಹಿಂಭಾಗ ನೋಡಿದರೆ ಎದೆಗೆ ಧೈರ್ಯ ಬರುತ್ತದೆ. ಎರಕದ ದಪ್ಪ ಹೌಸಿಂಗು, ಅದಕ್ಕೆ ಕಂಪನಿಯವರೇ ಕೊಟ್ಟ ಹುಕ್ಕಿನ ಚೌಕಟ್ಟು. ಎಳೆಯುವುದಕ್ಕೆಂದೇ ಹುಟ್ಟಿದ ಯಂತ್ರ ಅದು. ಹಳೆ ಜೀಪು, ಪಿಕಪ್ಪುಗಳಲ್ಲಾದರೂ ಉದ್ದಕ್ಕೂ ಎರಡು ಚಾಸಿ ತೊಲೆಗಳಿರುತ್ತವೆ. ಈ ಕಾರಿನಲ್ಲಿ ಅಂಥದ್ದಿಲ್ಲ. ಹೊರಗಿನಿಂದ ಜೀಪಿನ ಹಾಗೆ ಕಂಡರೂ ಒಳಗೆ ಪೂರ್ತಿ ತಗಡಿನ ದೇಹವೇ ಚಾಸಿ. ಬಂಪರಿನ ಪ್ಲಾಸ್ಟಿಕ್ಕಿನ ಹಿಂದೆ ಅಡ್ಡಕ್ಕೆ ಒಂದು ತೆಳು ತೊಲೆ, ಅದರ ಎರಡು ತುದಿಗೆ ಅಂಗೈ ಅಗಲದ ಪೆಟ್ಟಿಗೆಯಂಥ ತುಂಡುಗಳು. ಆ ಪೆಟ್ಟಿಗೆಗಳ ಪಕ್ಕದಲ್ಲಿ ಬೇಕೆಂದೇ ಮಡಿಕೆ ಹೊಡೆದಿದ್ದಾರೆ, ಅಲ್ಲಲ್ಲಿ ತೂತು ಬಿಟ್ಟಿದ್ದಾರೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಅದು ಮಡಚಿಕೊಳ್ಳಬೇಕು, ಪೆಟ್ಟನ್ನು ತಾನು ತಿನ್ನಬೇಕು, ಒಳಗೆ ಕೂತವರ ಬೆನ್ನಿಗೆ ಮುಟ್ಟಬಾರದು. ಲೆಕ್ಕ ಹಾಕಿಯೇ ಮಾಡಿದ ದುರ್ಬಲ ಜಾಗ.

ಅಲ್ಲಿಗೆ ನಾನು 10 ಎಂಎಂ ಪ್ಲೇಟು ಇಟ್ಟು ಬೆಸೆದರೆ ಆಗುವುದೇನು? ಒಂದು, ಗಟ್ಟಿ ಉಕ್ಕಿನ ಆ ತೆಳು ತಗಡಿಗೆ ಆರ್ಕ್ ಕಾವು ತಗುಲಿ ಅದರ ಹದ ಹೋಗುತ್ತದೆ, ಬೆಸುಗೆಯ ಅಂಚಿನಲ್ಲೇ ಸೀಳು ಶುರುವಾಗುತ್ತದೆ. ಎರಡು, ಹಿಂದಿನಿಂದ ಬಿದ್ದ ಗುದ್ದು ಮಡಚುವ ಪೆಟ್ಟಿಗೆಯನ್ನು ಬಿಟ್ಟು ನೇರ ನನ್ನ ಪ್ಲೇಟಿನ ಮೂಲಕ ಕಾರಿನ ನೆಲಕ್ಕೆ ಹೋಗುತ್ತದೆ. ಬೆಂಗಳೂರಿನ ಕಾರುಗಳಲ್ಲಿ ಬಂಪರ್ ಉಳಿಯಲಿ ಅಂತ ಬರೀ ಕೊಂಡಿ ಹಾಕಿಸಿಕೊಂಡು ತಿರುಗುವವರನ್ನು ನೋಡಿದ್ದೇನೆ. ಎಳೆಯುವುದು ಏನೂ ಇಲ್ಲ. ಬಂಪರ್ ಉಳಿಯುತ್ತದೆ, ಕುತ್ತಿಗೆಗೆ ಪೆಟ್ಟು ಬೀಳುತ್ತದೆ. ಹಿಂದೆ ಬರುವ ಬೈಕಿನವನ ಮೊಣಕಾಲಿಗೆ ಆ ಕೊಂಡಿ ಏನು ಮಾಡೀತು ಅನ್ನುವುದನ್ನು ಹಾಕಿಸುವವರು ಯೋಚಿಸುವುದೇ ಇಲ್ಲ.

ಮುಂದಿನ ಬುಲ್ ಗಾರ್ಡ್ ವಿಷಯದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆಲ್ಲ ಪತ್ರ ಬರೆದು, ಅದು ಅನಧಿಕೃತ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ಹೇಳಿತ್ತು. ಆಗ ನಮ್ಮ ಶೆಡ್ಡಿನಲ್ಲೂ ಗಾರ್ಡ್ ಮಾಡುವುದನ್ನು ನಿಲ್ಲಿಸಿದೆವು. ಮುಂದಿನದಕ್ಕೆ ಹೇಳಿದ ಮಾತು ಹಿಂದಿನದಕ್ಕೂ ಅನ್ವಯಿಸುತ್ತದೆಯೋ ಹೇಗೆ, ಕೂಡ್ಲಿಗಿಗೆ ಹೋಗಿ ವಕೀಲರನ್ನು ಕೇಳಬೇಕು.

ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ತಿರುಪು ಹಾಕಿ ಕೂರಿಸುವ ಕೊಂಡಿ ಒಂದಿತ್ತು. ಹುಡುಗ ಅದನ್ನೇ ತೋರಿಸಿ, “ಕಂಪನಿಯೋರೇ ಕೊಟ್ಟಾರಲ್ಲ” ಅಂದ. ಅದು ಕೆಟ್ಟು ನಿಂತ ಕಾರನ್ನು ಗ್ಯಾರೇಜಿನವರೆಗೆ ಎಳೆಸಿಕೊಳ್ಳಲು ಕೊಟ್ಟದ್ದು, ಟ್ರೇಲರ್ ಕಟ್ಟಲು ಕೊಟ್ಟದ್ದಲ್ಲ. ಹಾಗೆ ಎಳೆಯುವುದಕ್ಕೂ ನಿಯಮ ಇದೆ. ಹಿಂದಿನ ವಾಹನದ ಸ್ಟೇರಿಂಗ್ ಮುಂದೆ ಲೈಸೆನ್ಸ್ ಇದ್ದವನೇ ಕೂರಬೇಕು, ಎರಡು ವಾಹನದ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಗ್ಗವೋ ಸರಪಳಿಯೋ ದೂರದಿಂದ ಕಾಣುವಂತಿರಬೇಕು, ಹಿಂದೆ ‘ಆನ್ ಟೋ’ ಎಂಬ ಬರಹ ತೂಗಬೇಕು.

2025 ಜನವರಿ 27, ಸೋಮವಾರ

ಕೂಡ್ಲಿಗಿ ಕೋರ್ಟಿನ ಹತ್ತಿರ ವಕೀಲರು ಸಿಕ್ಕರು. ಅಪಘಾತ ಪರಿಹಾರದ ಕೇಸುಗಳನ್ನೇ ಹೆಚ್ಚು ನಡೆಸುವವರು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

1988ರ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟು: ಕಂಪನಿ ಮೊದಲು ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಕಾಯ್ದೆ ಒಪ್ಪದ ರೀತಿಯಲ್ಲಿ ಬಿಡಿಭಾಗ ಕೂರಿಸಿ ವಾಹನ ಬದಲಾಯಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

“ಅದು ಮಾಲೀಕನಿಗಾಯ್ತು. ನಿನ್ನ ಮಾತೇನು ಅಂತ ಕೇಳಲಿಲ್ಲವಲ್ಲಪ್ಪ” ಅಂದರು. ಕಾಯ್ದೆಯ ವ್ಯಾಖ್ಯೆಯಲ್ಲಿ ಡೀಲರ್ ಅಂದರೆ ಶೋರೂಮಿನವನು ಮಾತ್ರ ಅಲ್ಲವಂತೆ. ಚಾಸಿಗೆ ಬಾಡಿ ಕಟ್ಟುವವನೂ ವಾಹನ ರಿಪೇರಿ ಮಾಡುವವನೂ ಅದರೊಳಗೇ ಬರುತ್ತಾರೆ. ವಾಹನದ ರಚನೆಯ ನಿಯಮ ಮೀರಿ ಡೀಲರ್ ಬದಲಾವಣೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ನಮ್ಮ ಊರಿನ ಯಾವ ವೆಲ್ಡರಿಗೂ ಇದು ಗೊತ್ತಿಲ್ಲ. ಐಟಿಐಯಲ್ಲಿ ರಾಡಿನ ನಂಬರು, ಆಂಪಿಯರ್ ಲೆಕ್ಕ ಎಲ್ಲ ಹೇಳಿಕೊಟ್ಟರು. ಇದನ್ನು ಹೇಳಲಿಲ್ಲ. ಹೇಳಿಕೊಡಬೇಕಿತ್ತು. ಬೆಸೆಯುವವನ ಕೈಗೆ ಹೊಣೆ ಇದೆ ಎಂದು ಕಾನೂನೇ ಹೇಳುವಾಗ ಆ ಕೈಗಳಿಗೆ ಅದು ತಿಳಿಯದೆ ಇರುವುದು ದೊಡ್ಡ ಕೊರತೆ.

ಹುಕ್ಕು ಒಂದು ಕಡೆಯಾದರೆ ಅದಕ್ಕೆ ಕಟ್ಟುವ ಗಾಡಿ ಇನ್ನೊಂದು ಕಡೆ. ನಾನು ಇದನ್ನು ಕೇಳಲೆಂದು ಹೋಗಿರಲಿಲ್ಲ, ಆದರೆ ವಕೀಲರು ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಮೋಟಾರು ವಾಹನ ಎಂಬುದರ ವ್ಯಾಖ್ಯೆಯೊಳಗೆ ಟ್ರೇಲರ್ ಸೇರಿದೆ. ಎಂಜಿನ್ ಇಲ್ಲದಿದ್ದರೂ ಅದು ಮೋಟಾರು ವಾಹನವೇ. ಇನ್ನೊಂದು ಮೋಟಾರು ವಾಹನದ ಹಿಂದೆ ಎಳೆಸಿಕೊಂಡು ಹೋಗಲೆಂದು ಮಾಡಿದ ಇಂಥ ಗಾಡಿ ಟ್ರೇಲರ್. ಹಾಗಾಗಿ ಅದಕ್ಕೆ ತನ್ನದೇ ನೋಂದಣಿ, ತನ್ನದೇ ನಂಬರು, ಪಾಲಿಸಿಯಲ್ಲಿ ತನ್ನದೇ ಉಲ್ಲೇಖ ಬೇಕು. “ಆ ಹುಡುಗನ ಜನರೇಟರ್ ಗಾಡಿಗೆ ಆರ್‌ಸಿ ಐತೇನು?” ಅಂತ ಕೇಳಿದರು. ಇರಲಿಕ್ಕಿಲ್ಲ. ಸಂತೆಯಲ್ಲಿ ಯಾವುದೋ ಹಳೆ ಆಕ್ಸಲ್ ಕೊಂಡು ಯಾರೋ ಕಟ್ಟಿಕೊಟ್ಟ ಗಾಡಿ ಅದು.

ಕೃಷಿ ಟ್ರೇಲರನ್ನು 1989ರ ಕೇಂದ್ರ ನಿಯಮಗಳು ವಿವರಿಸುವಾಗ ಹುಕ್ಕನ್ನೂ ಬಿಟ್ಟಿಲ್ಲ. ಎರಡು ಹುಕ್ಕುಗಳ ಮೂಲಕ ಕೃಷಿ ಟ್ರ್ಯಾಕ್ಟರಿಗೆ ಜೋಡಿಸುವ, ಸಾಮಾನ್ಯವಾಗಿ ಮೇಲೆ ಮುಚ್ಚದ, ಹೆಚ್ಚಾಗಿ ಕೃಷಿ ಸಾಮಾನು ಸಾಗಿಸುವ ಗಾಡಿ ಎಂದಿದೆ. ಹೊಲದ ಮೆಕ್ಕೆಜೋಳ, ಶೇಂಗಾ ಒಯ್ಯುವವರೆಗೆ ಅದು ಕೃಷಿ ಟ್ರೇಲರ್. ಅದೇ ಟ್ರೇಲರಿನಲ್ಲಿ ಬಾಡಿಗೆಗೆ ಜಲ್ಲಿ, ಇಟ್ಟಿಗೆ ಹೊಡೆದರೆ ಅದು ಸರಕು ಸಾಗಣೆ ವಾಹನ, ಪರ್ಮಿಟ್ ಕೇಳುತ್ತಾರೆ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಜೋಡಿ ಸರಕು ವಾಹನವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ, ಕರ್ನಾಟಕ ಸರ್ಕಾರವೇ ಎದುರುಗಾರನಾಗಿದ್ದ ನಟವರ್ ಪಾರೀಖ್ ಕಂಪನಿಯ ಪ್ರಕರಣದಲ್ಲಿ.

ಲೈಸೆನ್ಸ್ ಮಾತು ಬಂದಾಗ ಮಾತ್ರ ವಕೀಲರ ಮುಖದಲ್ಲಿ ನಗು ಕಂಡಿತು. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಕೂಡಲೇ ಅನರ್ಹನಾಗುವುದಿಲ್ಲ ಎಂದು 2001ರಲ್ಲೇ ನಾಗಶೆಟ್ಟಿ ಪ್ರಕರಣದಲ್ಲಿ ತೀರ್ಪಾಗಿದೆ. ಅದೂ ಕರ್ನಾಟಕದಿಂದ ಹೋದ ಪ್ರಕರಣ. ಮೊನ್ನೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಲು ಲಘು ವಾಹನದ ಲೈಸೆನ್ಸೇ ಸಾಕು ಎಂದು ಖಚಿತ ಮಾಡಿತು. ನಮ್ಮ ಕಡೆಯ ಎಷ್ಟೋ ಟ್ರ್ಯಾಕ್ಟರ್ ಚಾಲಕರ ಮನೆಗಳಿಗೆ ಇದರಿಂದ ನೆಮ್ಮದಿ. ಲೈಸೆನ್ಸ್ ಸರಿಯಿಲ್ಲ ಅಂತ ವಿಮೆಯವರು ಕೈಕೊಡವುವುದು ಇನ್ನು ಸುಲಭವಲ್ಲ.

2025 ಫೆಬ್ರುವರಿ 2, ಭಾನುವಾರ

ಪೇಂಟರ್ ಬಂದಿದ್ದ. ಬಣ್ಣ ಹೊಡೆದು ಒಣಗಿದ ಟ್ರೇಲರಿನ ಮೇಲೆ ಮೈಲಾರಲಿಂಗನ ಹೆಸರು, ಮಾಲೀಕನ ಮಕ್ಕಳ ಹೆಸರು, ಹಿಂಬಾಗಿಲಿನ ಮೇಲೆ ಎರಡು ನವಿಲು. ಎಲ್ಲ ಬರೆದಾದ ಮೇಲೆ ನಂಬರಿಗೆ ಜಾಗ ಹುಡುಕಿದ. ಮೂಲೆಯಲ್ಲಿ ನಾಲ್ಕು ಬೆರಳಗಲ ಉಳಿದಿತ್ತು.

ಮೊದಲು ನಂಬರು, ಆಮೇಲೆ ನವಿಲು ಎಂದು ಹೇಳಿ ಅಳಿಸಿಸಿದೆ. ವಕೀಲರು ಹೇಳಿದ 61ನೇ ಕಲಮು ಕಣ್ಣ ಮುಂದೆ ಇತ್ತು. ಟ್ರೇಲರಿಗೆ ಕೊಟ್ಟ ನಂಬರು ಅದರ ಪಕ್ಕದಲ್ಲಿ ಕಾಣಬೇಕು. ಅದರ ಜೊತೆಗೆ ಎಳೆಯುವ ವಾಹನದ ನಂಬರು ಟ್ರೇಲರಿನ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕಡೆಯ ಟ್ರೇಲರಿನ ಮೇಲೆ ಕಾಣಬೇಕು. ಅಂದರೆ ಪಕ್ಕದಲ್ಲಿ ಟ್ರೇಲರಿನ ಕೆಎ 35, ಹಿಂದೆ ಟ್ರ್ಯಾಕ್ಟರಿನ ಕೆಎ 35. ಇಷ್ಟು ವರ್ಷ ಎರಡು ನಂಬರು ಯಾಕೆ ಬರೆಯುತ್ತಾರೆ ಅಂತ ಎಷ್ಟು ಜನ ನನ್ನನ್ನು ಕೇಳಿದ್ದಾರೆ! ಅದರ ಅರ್ಥ ಸರಳ. ರಾತ್ರಿ ಗುದ್ದಿ ಹೋದ ಟ್ರ್ಯಾಕ್ಟರಿನ ಮುಂಭಾಗವನ್ನು ಯಾರೂ ನೋಡುವುದಿಲ್ಲ, ಹಿಂದಿನಿಂದ ಕಾಣುವುದು ಟ್ರೇಲರ್ ಒಂದೇ.

ಮಾಲೀಕ ಸ್ವಲ್ಪ ಮುನಿಸಿಕೊಂಡ. ನವಿಲು ಒಂದಕ್ಕೆ ಇಳಿಯಿತು. ಹಿಂದೆ ಎರಡೂ ಅಂಚಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಕೆಳಗೆ ದೀಪದ ವೈರು ಎಳೆದು, ಟ್ರ್ಯಾಕ್ಟರಿಗೆ ಸಿಕ್ಕಿಸಿ ಉರಿಸಿ ತೋರಿಸಿದೆ. ದೀಪದ ದುಡ್ಡು ಬೇರೆ ಕೇಳಲಿಲ್ಲ.

ಐವತ್ತನೇ ನಂಬರಿನ ಹೆದ್ದಾರಿ ನಮ್ಮ ಊರ ಪಕ್ಕ ಹಾದುಹೋಗುತ್ತದೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಓಡುವ ಲಾರಿ, ಬಸ್ಸು, ಕಾರು ಎಲ್ಲ ಅದರ ಮೇಲೇ. ಅದರಲ್ಲೇ ಹೊಲದಿಂದ ಬಂದ ಟ್ರ್ಯಾಕ್ಟರ್ ಸಂಜೆ ಮಬ್ಬಿನಲ್ಲಿ ಹತ್ತುತ್ತದೆ. ಹಿಂದೆ ದೀಪವಿಲ್ಲ, ಮೇಲೆ ಮೆಕ್ಕೆಜೋಳದ ಸೊಪ್ಪೆ ಇಳಿಬಿದ್ದಿದೆ, ಮಣ್ಣಿನ ಬಣ್ಣದ ಟ್ರೇಲರ್. ವೇಗದಲ್ಲಿ ಬರುವವನಿಗೆ ಅದು ಕಾಣುವುದು ಬ್ರೇಕ್ ಹಿಡಿಯುವ ಅಂತರ ದಾಟಿದ ಮೇಲೆ. ನಮ್ಮ ಓಣಿಯ ಹುಡುಗನೊಬ್ಬ ಹಾಗೇ ಹೋದ, ಬೈಕಿನ ಮೇಲೆ. ಅವನ ತಾಯಿ ಈಗಲೂ ಟ್ರ್ಯಾಕ್ಟರ್ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

2025 ಫೆಬ್ರುವರಿ 6, ಗುರುವಾರ

ಹುಡುಗ ಇಂಗ್ಲೆಂಡಿನ ಭಾವನನ್ನು ಫೋನಿನಲ್ಲಿ ಹಿಡಿದು ನನ್ನ ಕೈಗೆ ಕೊಟ್ಟ. ಹಡಗಲಿ ತಾಲ್ಲೂಕಿನ ಮನುಷ್ಯ, ಮಾತು ಇನ್ನೂ ನಮ್ಮದೇ. ಅಲ್ಲಿ ಹುಕ್ಕು ಹಾಕಿಸುವುದು ಹೇಗೆ ಎಂದು ಕೇಳಿದೆ.

1998ರ ಆಗಸ್ಟ್ 1ರಿಂದ ಈಚೆಗೆ ರಸ್ತೆಗಿಳಿದ ಕಾರಾದರೆ ಆ ಮಾದರಿಗೆಂದೇ ಪರೀಕ್ಷೆ ಮಾಡಿ ಒಪ್ಪಿಗೆ ಪಡೆದ ಹುಕ್ಕನ್ನೇ ಹಾಕಬೇಕಂತೆ. ಅದರ ಮೇಲೆ ಒಪ್ಪಿಗೆ ನಂಬರಿನ ತಗಡು ಇರುತ್ತದೆ. ಕಬ್ಬಿಣದ ಗುಂಡಿನ ಅಡ್ಡಳತೆ 50 ಎಂಎಂ. ಕಾರಿನಲ್ಲಿ ತೂಕ ತುಂಬಿದಾಗ ನೆಲದಿಂದ ಅದರ ಎತ್ತರ 350ರಿಂದ 420 ಎಂಎಂ ಒಳಗಿರಬೇಕು. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಒಟ್ಟು ತೂಕ 750 ಕೆ.ಜಿ. ಮೀರಬಾರದು, ಅದೂ ಕಾರಿನ ತೂಕದ ಅರ್ಧಕ್ಕಿಂತ ಹೆಚ್ಚಾಗಬಾರದು. ಕೊಂಡಿ ಕಳಚಿದರೂ ಟ್ರೇಲರ್ ತಪ್ಪಿಸಿಕೊಂಡು ಹೋಗದಂತೆ ಇನ್ನೊಂದು ಸರಪಳಿ, ಅಥವಾ ಕಳಚಿದ ಕೂಡಲೇ ಬ್ರೇಕ್ ಎಳೆಯುವ ತಂತಿ. ಟ್ರೇಲರಿನ ಬೆನ್ನಿಗೆ ಕಾರಿನ ನಂಬರು. ಲೈಸೆನ್ಸ್ ನಿಯಮವನ್ನು ಮಾತ್ರ 2021ರ ಡಿಸೆಂಬರಿನಲ್ಲಿ ಸಡಿಲ ಮಾಡಿದರಂತೆ, ಬರೀ ಕಾರಿನ ಲೈಸೆನ್ಸಿನ ಮೇಲೆ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು.

ಅಲ್ಲಿಯ ನಿಯಮ ಬೇರೆ ಲೋಕದ್ದು ಅಂದುಕೊಂಡಿದ್ದೆ. ಕೇಳುತ್ತಾ ಹೋದಂತೆ ಎಲ್ಲವೂ ಗುರುತಿನ ಮಾತು ಅನ್ನಿಸಿತು. ನಂಬರಿನ ಮಾತು ನಮ್ಮ 61ನೇ ಕಲಮಿನಲ್ಲೇ ಇದೆ. ನಮ್ಮ ದೇಶದ ವಾಹನ ವರ್ಗೀಕರಣದಲ್ಲೂ ಮೊದಲ ದರ್ಜೆಯ ಟ್ರೇಲರ್ ಅಂದರೆ 750 ಕೆ.ಜಿ. ಒಳಗಿನದು. ಕಾರಿಗೆ ಹುಕ್ಕು ಹಾಕಿಸುವವನಿಗೆ ಅಲ್ಲಿ ಅಂಗಡಿಯಲ್ಲಿ ಒಪ್ಪಿತ ಸಾಮಾನು ಸಿಗುತ್ತದೆ. ಇಲ್ಲಿ ಹುಡುಕಬೇಕು, ಸಿಗದೆಯೂ ಹೋಗಬಹುದು. ಸಿಗದಾಗ ಜನ ನಮ್ಮಂಥವರ ಶೆಡ್ಡಿಗೆ ಬರುತ್ತಾರೆ.

ಹುಡುಗನ ಜನರೇಟರನ್ನು ಇವತ್ತು ತೂಕದ ಸೇತುವೆಗೆ ಒಯ್ಯಿಸಿದೆ. ಡಬ್ಬಿ, ಡೀಸೆಲ್, ಗಾಡಿ ಎಲ್ಲ ಸೇರಿ ಒಂದು ಟನ್ನಿಗೆ ಮಿಕ್ಕಿತು. ಬ್ರೇಕ್ ಇಲ್ಲ. ಟ್ರ್ಯಾಕ್ಟರಿಗೆ ಅದೊಂದು ಭಾರವಲ್ಲ, ತಾನೇ ಅದರ ಎರಡರಷ್ಟು ತೂಗುತ್ತದೆ, ಓಡುವುದೂ ನಿಧಾನ. ಕಾರು ಓಡುವ ವೇಗದಲ್ಲಿ, ಇಳಿಜಾರಿನಲ್ಲಿ, ಬ್ರೇಕ್ ಒತ್ತಿದ ಕ್ಷಣ ಆ ಟನ್ನು ಹಿಂದಿನಿಂದ ತಳ್ಳುತ್ತದೆ. ನೇರ ತಳ್ಳಿದರೆ ಕಾರು ತಡವಾಗಿ ನಿಂತೀತು. ತಿರುವಿನಲ್ಲಿ ತಳ್ಳಿದರೆ ಕಾರಿನ ಹಿಂಭಾಗವೇ ಪಕ್ಕಕ್ಕೆ ಜಾರಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ.

ಬೇಸಿಗೆ ಬಂದರೆ ನಮ್ಮ ತಾಲ್ಲೂಕಿನಲ್ಲಿ ನೀರಿನ ಟ್ಯಾಂಕರಿನದೂ ಇದೇ ಕತೆ. ಐದು ಸಾವಿರ ಲೀಟರ್ ಅಂದರೆ ಐದು ಟನ್ನು. ಪೂರ್ತಿ ತುಂಬಿದಾಗ ನೀರು ಸುಮ್ಮನಿರುತ್ತದೆ, ಅರ್ಧ ಖಾಲಿಯಾದಾಗ ಒಳಗೇ ಅಲೆ ಎದ್ದು ಹುಕ್ಕನ್ನು ಗುದ್ದುತ್ತದೆ. ಒಳಗೆ ತಡೆ ತಗಡು ಹಾಕದೆ ನಾವು ಟ್ಯಾಂಕರ್ ಕಟ್ಟುವುದಿಲ್ಲ. ಕಡಿಮೆ ದುಡ್ಡಿಗೆ ಅದಿಲ್ಲದೆ ಕಟ್ಟಿಕೊಡುವವರಿದ್ದಾರೆ, ನೀರಿನ ತುರ್ತಿನಲ್ಲಿ ಒಳಗೆ ಇಣುಕಿ ನೋಡುವವರು ಯಾರೂ ಇಲ್ಲ.

2025 ಫೆಬ್ರುವರಿ 11, ಮಂಗಳವಾರ

ನಾಳೆ ಭರತ ಹುಣ್ಣಿಮೆ. ಬೆಳಿಗ್ಗೆಯಿಂದ ಟ್ರ್ಯಾಕ್ಟರ್‌ಗಳು ಹೋಗುತ್ತಲೇ ಇವೆ, ನಡುನಡುವೆ ಎತ್ತಿನ ಗಾಡಿಗಳು. ಟ್ರೇಲರಿನ ಮೇಲೆ ಬಿದಿರು ಬಗ್ಗಿಸಿ ತಾಡಪಾಲು ಹೊದಿಸಿದ್ದಾರೆ. ಒಳಗೆ ರೊಟ್ಟಿ ಬುತ್ತಿ, ಮಕ್ಕಳು, ಮುದುಕರು, ಒಲೆಗೆ ಕಟ್ಟಿಗೆ. ನಾನೂ ಚಿಕ್ಕವನಿದ್ದಾಗ ಹಾಗೇ ಮೈಲಾರಕ್ಕೆ ಹೋದವನು. ಅಲ್ಲಿಯ ಕಾರ್ಣಿಕ, ಅಂದರೆ ಭವಿಷ್ಯದ ನುಡಿ, ಕೇಳಿ ಬರುವುದು ನಮ್ಮ ಮನೆಗಳಲ್ಲಿ ವರ್ಷದ ಬೆಳೆಯ ಲೆಕ್ಕಕ್ಕೆ ಸೇರಿದ್ದು, ಬಿಡಿ ಅನ್ನುವ ಮಾತೇ ಇಲ್ಲ.

ಆದರೆ ಟ್ರೇಲರಿನಲ್ಲಿ ಜನರನ್ನು ಕೂರಿಸಿ ಒಯ್ಯಲು ಕಾನೂನಿನ ಒಪ್ಪಿಗೆ ಇಲ್ಲ. ಅದು ಸರಕಿನ ಗಾಡಿ. ವಿಮೆಯ ಮಾತು ಇನ್ನೂ ಕಠಿಣ. ಸರಕು ವಾಹನದಲ್ಲಿ ಹಾಗೇ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲೇ ತೀರ್ಮಾನ ಕೊಟ್ಟಿದೆ. 2007ರಲ್ಲಿ ಇನ್ನೊಂದು ಪ್ರಕರಣ ಬಂತು, ಬ್ರಿಜ್ ಮೋಹನ್ ಎಂಬ ಕೂಲಿಯವನದು. ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯುವ ಟ್ರಾಲಿಯಿಂದ ಬಿದ್ದವನು. ವಿಮೆ ಇದ್ದದ್ದು ಕೃಷಿ ಕೆಲಸಕ್ಕೆ, ನಡೆಯುತ್ತಿದ್ದದ್ದು ಭಟ್ಟಿಯ ಕೆಲಸ. ಕಂಪನಿ ಹೊಣೆಯಲ್ಲ ಎಂದೇ ಕೋರ್ಟ್ ಹೇಳಿತು. ಆದರೂ ಬಡವನ ಸ್ಥಿತಿ ನೋಡಿ, ತನ್ನ ವಿಶೇಷ ಅಧಿಕಾರ ಬಳಸಿ, ಮೊದಲು ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಮಾಲೀಕನಿಂದ ಅಂದರೆ ಯಾರಿಂದ? ಎರಡು ಮೂರು ಎಕರೆ ಒಣಭೂಮಿ, ಬ್ಯಾಂಕಿನ ಸಾಲದ ಟ್ರ್ಯಾಕ್ಟರ್ ಇರುವ ನಮ್ಮಂಥವನಿಂದ. ಒಂದು ಪಿನ್ನು ಕಳಚಿದರೆ ಟ್ರೇಲರಿನಲ್ಲಿ ಕೂತವರ ಮನೆಯೂ ಹಾಳು, ಎಳೆದವನ ಮನೆಯೂ ಹಾಳು.

ಇದಕ್ಕೆ ಪೊಲೀಸರು ದಂಡ ಹಾಕುವುದಷ್ಟೇ ದಾರಿಯಲ್ಲ. ಜಾತ್ರೆಗೆ ಬಿಡುವ ಬಸ್ಸು ಹಳ್ಳಿಯ ಅಗಸಿಯವರೆಗೂ ಬರಬೇಕು, ಬುತ್ತಿಗಂಟು, ಕಟ್ಟಿಗೆ ಸಮೇತ ಹತ್ತಿಸಿಕೊಳ್ಳಬೇಕು. ಆಗ ಟ್ರೇಲರ್ ಸಾಮಾನು ಮಾತ್ರ ಹೊತ್ತು ಹಿಂದಿನಿಂದ ಹೋಗಬಹುದು.

ಮಧ್ಯಾಹ್ನ ಶೆಡ್ಡಿನ ಮುಂದೆ ನೀರಿಗೆಂದು ನಿಂತ ಟ್ರ್ಯಾಕ್ಟರ್ ಒಂದರ ಹಿಂದೆ ಬಾಗಿ ನೋಡಿದೆ. ಹುಕ್ಕಿನ ಪಿನ್ನಿಗೆ ಲಾಕ್ ಇರಲಿಲ್ಲ, ಬದಲಿಗೆ ಬಟ್ಟೆಯ ಹರುಕು ಸುತ್ತಿದ್ದರು. ಪಿನ್ನಿನ ನಡುವೆ ಉಜ್ಜಿ ಉಜ್ಜಿ ಸೊಂಟದಂತೆ ಸವೆದಿತ್ತು. ಹೊಸ ಪಿನ್ನು, ಲಾಕು ಹಾಕಿ, ಪಕ್ಕದಲ್ಲಿ ಸರಪಳಿ ಸುತ್ತಿ ಕೊಕ್ಕೆ ಸಿಕ್ಕಿಸಿ ಕಳಿಸಿದೆ. ಒಳಗಿನಿಂದ ಅಜ್ಜಿಯೊಬ್ಬರು ಭಂಡಾರ ಕೊಟ್ಟರು.

2025 ಫೆಬ್ರುವರಿ 17, ಸೋಮವಾರ

ಹುಡುಗನ ಜೊತೆ ಹೊಸಪೇಟೆಗೆ ಹೋಗಿಬಂದೆ. ಮೊದಲು ಕಾರು ಕೊಂಡ ಶೋರೂಮು. ಈ ಮಾದರಿಗೆ ಟ್ರೇಲರ್ ಎಳೆಯುವ ಹುಕ್ಕು ಕಂಪನಿಯ ಸಾಮಾನು ಪಟ್ಟಿಯಲ್ಲೇ ಇಲ್ಲ ಅಂದರು. ಕಾರಿನ ಜೊತೆ ಕೊಟ್ಟ ಕೈಪಿಡಿ ತೆಗೆಸಿ ಓದಿಸಿದೆ. ಈ ವಾಹನವನ್ನು ಟ್ರೇಲರ್ ಎಳೆಯಲು ಬಳಸಬಾರದು ಎಂದೇ ಅಚ್ಚಾಗಿದೆ. ಹುಕ್ಕಿನ ದೀಪಕ್ಕೆಂದು ಹಿಂದಿನ ವೈರು ಕತ್ತರಿಸಿ ಕೂಡಿಸಿದರೆ ಗ್ಯಾರಂಟಿಯೂ ಹೋಗುತ್ತದೆ ಎಂದರು. ಈಗಿನ ಕಾರುಗಳಲ್ಲಿ ಇಂಡಿಕೇಟರ್ ಕೂಡ ಕಂಪ್ಯೂಟರ್ ಪೆಟ್ಟಿಗೆಯ ಮೂಲಕವೇ ಉರಿಯುವುದು, ಹೆಚ್ಚಿನ ಬಲ್ಬಿನ ಭಾರ ಬಿದ್ದರೆ ಆ ಪೆಟ್ಟಿಗೆಗೇ ಏಟು.

ಕಂಪನಿಯ ಒಪ್ಪಿಗೆಯೇ ಇಲ್ಲದ ಮೇಲೆ ಆರ್‌ಟಿಓ ಮುಂದೆ ಏನಂತ ಅರ್ಜಿ ಕೊಡುವುದು? 52ನೇ ಕಲಮಿನ ಅಳತೆಗೋಲೇ ಕಂಪನಿಯ ನಮೂದು. ಆದರೂ ಜನರೇಟರ್ ಗಾಡಿಯ ವಿಷಯ ಕೇಳಲೆಂದು ಕಚೇರಿಗೂ ಹೋದೆವು. ಅದನ್ನು ನೋಂದಣಿ ಮಾಡಿಸಬೇಕಾದರೆ ಯಾರು ಕಟ್ಟಿದ್ದು, ಯಾವ ಒಪ್ಪಿಗೆಯ ಮೇಲೆ ಕಟ್ಟಿದ್ದು ಎಂಬ ಕಾಗದ ಬೇಕು. ಸಂತೆಯ ಆಕ್ಸಲ್ಲಿಗೆ ಅಂಥ ಕಾಗದ ಎಲ್ಲಿಂದ ಬಂದೀತು?

ಬಸ್‌ ಸ್ಟ್ಯಾಂಡಿನಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ದಾರಿ ಹುಡುಕಿದ. ಜನರೇಟರನ್ನು ಗಾಡಿಯಿಂದ ಇಳಿಸಿ ಉಕ್ಕಿನ ತಳಪೀಠದ ಮೇಲೆ ಕೂರಿಸಿದರೆ ಪಿಕಪ್ಪಿನಲ್ಲೇ ಹೇರಬಹುದು. ಪಿಕಪ್ಪಿಗೆ ಎಲ್ಲ ಕಾಗದ ಇದ್ದೇ ಇರುತ್ತದೆ, ಟ್ರ್ಯಾಕ್ಟರಿಗಿಂತ ಬೇಗ ಮುಟ್ಟುತ್ತದೆ, ಶಾಮಿಯಾನದ ಕಂಬಗಳನ್ನೂ ಅದರಲ್ಲೇ ತುಂಬಬಹುದು. ಕಾರು ಕಾರಾಗಿಯೇ ಇರಲಿ.

ತಳಪೀಠ ನಾನೇ ಮಾಡಿಕೊಡುತ್ತೇನೆ ಅಂದೆ. ಎತ್ತಲು ನಾಲ್ಕು ಮೂಲೆಗೆ ಕೊಂಡಿ, ಅಲುಗಾಡದಂತೆ ಕಟ್ಟಲು ನಾಲ್ಕು ಕಿವಿ. ಕೊಟ್ಟೂರು ತೇರಿಗೆ ಮೊದಲು ಅವನ ಕೈಗೆ ಕೊಡಬೇಕು.

2025 ಫೆಬ್ರುವರಿ 20, ಗುರುವಾರ

ತಳಪೀಠ ಮುಗಿಯಿತು. ಹುಡುಗ ಬಂದು ಹೇರಿಕೊಂಡು ಹೋದ.

ಪೇಂಟರನ್ನು ಕರೆಸಿ ಶೆಡ್ಡಿನ ಗೋಡೆಯ ಮೇಲೆ ಬರೆಸಬೇಕಾದ ಮಾತುಗಳನ್ನು ಇಲ್ಲಿ ಗುರುತು ಹಾಕಿಕೊಂಡಿದ್ದೇನೆ. ಮಗನಿಗೂ ತೋರಿಸಿದೆ, ಮುಂದೆ ಶೆಡ್ಡು ನಡೆಸುವವನು ಅವನೇ.

ಟ್ರೇಲರ್ ರಿಪೇರಿಗೆ ತರುವವರು ದಯವಿಟ್ಟು ಅದರ ಆರ್‌ಸಿ ಜೊತೆಗೆ ತನ್ನಿ. ಹುಕ್ಕಿನ ಪಿನ್ನು ಸವೆದಿದ್ದರೆ ಕೇಳದೆಯೇ ಬದಲಾಯಿಸುತ್ತೇವೆ. ಹಿಂದಿನ ದೀಪ ಉರಿಯದ, ನಂಬರು ಕಾಣದ ಟ್ರೇಲರನ್ನು ಇಲ್ಲಿಂದ ಹೊರಗೆ ಬಿಡುವುದಿಲ್ಲ. ಕಾರಿಗೆ ಹುಕ್ಕು ಬೇಕಾದವರು ಕಂಪನಿಯ ಪತ್ರ, ಆರ್‌ಟಿಓ ಒಪ್ಪಿಗೆ ಎರಡನ್ನೂ ತನ್ನಿ. ಅವೆರಡೂ ಇಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಬೆಸೆಯುವುದಿಲ್ಲ.